ಬೇಲೂರಿನಲ್ಲಿ ಅಗ್ಗದ ಊಟ

ಯಾತ್ರೆಯಲ್ಲಿ ಗೃಹಸ್ಥನ ಗಂಟು ಕರಗುವುದು ಊಟದ ಹೊತ್ತಿನಲ್ಲಿ. ಈಚೆಗೆ ನಾವು ಮನೆಯವರೊಡನೆಯೂ ಇಬ್ಬರು ಮೊಮ್ಮಕ್ಕಳೊಡನೆಯೂ ಅರಸೀಕೆರೆಯಲ್ಲಿ ರೈಲಿಳಿದು, ಹಳೇಬೀಡನ್ನು ನೋಡಿಕೊಂಡು, ಅಲ್ಲಿಂದ 16 ಕಿಲೋಮೀಟರಿನ ಬೇಲೂರನ್ನು ಸೇರಿದಾಗ ಮಧ್ಯಾಹ್ನ ಮೀರಿತ್ತು. ಈ ಎರಡೂರಿನ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವಷ್ಟೆ. ದೇಶಾಂತರದ ಯಾತ್ರಿಕರಿಗೆ ತಕ್ಕ ಹೋಟೆಲುಗಳೂ ಅಲ್ಲಿವೆ. ಅರಿಯದೆ ಅಂಥದೊಂದರಲ್ಲಿ ಕುಳಿತೆವು. ನೀರು ಬಂದ ಮೇಲೆ ದರದ ಪಟ್ಟಿ ಬಂದಿತು. ಊಟವೊಂದಕ್ಕೆ 320 ರೂಪಾಯಿ! ಮನಸ್ಸಿನಲ್ಲಿಯೇ ಪಿಂಚಣಿಯ ಲೆಕ್ಕ ಹಾಕಿ, ಎಲ್ಲರೆದುರಿಗೆ ಎದ್ದು ನಿಂತೆವು. ಮೂವತ್ತೈದು ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ನಮಗೆ ನಿಂತವರ ಕಷ್ಟ ಆ ದಿನ ತಿಳಿಯಿತು.

ಮನೆಯವರು ನಾಚಲಿಲ್ಲ. ಬಸ್ ನಿಲ್ದಾಣದ ಬಳಿ ಕಾರಿನ ಚಾಲಕನೊಬ್ಬನನ್ನು, “ಏನಪ್ಪಾ, ನೀವೆಲ್ಲಾ ಎಲ್ಲಿ ಊಟ ಮಾಡುತ್ತೀರಿ?” ಎಂದು ಕೇಳಿದರು. ಅವನು ತೋರಿಸಿದ ಓಣಿಯಲ್ಲಿ ನಾಲ್ಕು ಮೇಜುಗಳ ಮೆಸ್ಸು. ಬಿಸಿ ರಾಗಿಮುದ್ದೆ, ಬಸ್ಸಾರು, ಪಲ್ಯ, ಅನ್ನ, ಮಜ್ಜಿಗೆ, 70 ರೂಪಾಯಿ. ಕಿರಿಯವನು ಮುದ್ದೆಯನ್ನು ಅಗಿಯುತ್ತಿದ್ದುದನ್ನು ಕಂಡು ಬಡಿಸುತ್ತಿದ್ದಾಕೆ ನಕ್ಕು, ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಿದಳು. ಅವನ ಎಲೆಗೆ ಕಾಸು ಹಿಡಿಯಲಿಲ್ಲ. ಒಟ್ಟು 210 ರೂಪಾಯಿ. ಮನೆಯವರ ಮುಖದಲ್ಲಿದ್ದ ವಿಜಯವನ್ನು ವರ್ಣಿಸಲಾರೆವು.

ಸಂಜೆ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ, ಶಿಲ್ಪದ ಅಡಿ ಬಳ್ಳಿಗಾವೆಯ ದಾಸೋಜನ ಹೆಸರನ್ನು ಮಕ್ಕಳಿಗೆ ಓದಿ ಹೇಳಿದೆವು. “ತಾತಾ, ಅವನು ಎಲ್ಲಿ ಊಟ ಮಾಡುತ್ತಿದ್ದ?” ಎಂದಳು ಮೊಮ್ಮಗಳು. ಸಂಸ್ಕೃತ ಓದಿದ್ದು ಉಪಯೋಗಕ್ಕೆ ಬರಲಿಲ್ಲ.

ಮೆಸ್ಸಿನಲ್ಲಿ ಮೂರು ಗಂಟೆಗೆ ಮುದ್ದೆ ಮುಗಿಯುವುದಂತೆ. ಹೋಗುವ ವಾಚಕರು ಮೊದಲು ಉಂಡು ತರುವಾಯ ಶಿಲ್ಪಗಳನ್ನು ನೋಡತಕ್ಕದ್ದು.