ಕೈಗಡಿಯಾರದ ಯೋಗಕ್ಷೇಮ

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮವೆಂದು ಗೀತೆಯ ಭಾಷ್ಯಕಾರರು ಬಿಡಿಸಿ ಹೇಳಿರುವರು. ವಿಮಾನಚಾಲಕರ ಹೆಸರಿನ ಕೈಗಡಿಯಾರವನ್ನು ಹೆಚ್ಚು ಬೆಲೆಗೆ ಕೊಳ್ಳುವ ಗೃಹಸ್ಥರು ಯೋಗವನ್ನು ಬಲ್ಲರು, ಕ್ಷೇಮವನ್ನು ಮರೆಯುವರು.

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡತೊಡಗಿದ ಹೆಚ್.ಎಂ.ಟಿ.ಯವರ 'ಪೈಲಟ್' ನಮ್ಮ ಸಾದಲಿಯ ಕಡೆಯೂ ಪರಿಚಿತವಾದುದೇ. ಅವರ ಗಡಿಯಾರ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ಬಳಿಕ, ಹಳೆಯ ಮುಖಕ್ಕೆ ಹೊಸ ಬಣ್ಣ ಬಳಿದು ಹೆಚ್ಚಿನ ಬೆಲೆಗೆ ಮಾರುವವರು ಅನೇಕರಾದರು. ಆದುದರಿಂದ ಕೊಳ್ಳುವವರು ಹೊಳಪಿಗೆ ಮರುಳಾಗದೆ, ಹಿಂಬದಿಯ ಮುಚ್ಚಳ ತೆಗೆಸಿ ಯಂತ್ರವನ್ನು ನೋಡುವುದು ಯುಕ್ತ.

ಆ ಯಂತ್ರವು ಗಂಟೆಗೆ 18,000 ಸಲ, ಎಂದರೆ ದಿನಕ್ಕೆ 4,32,000 ಸಲ ಮಿಡಿಯುವುದು. ಎಣ್ಣೆ ಒಣಗಿದರೆ ಅದರ ಕೀಲುಗಳು ಸವೆಯದಿರುವುವೆ? ನಿಲ್ಲುವವರೆಗೆ ಕಾಯದೆ, ನಾಲ್ಕೈದು ವರ್ಷಗಳಿಗೊಮ್ಮೆ ನುರಿತ ಕೆಲಸಗಾರನಿಂದ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಬೇಕು. ದಿನವೂ ಒಂದೇ ಹೊತ್ತಿಗೆ ಕೀಲಿ ಕೊಟ್ಟು, ಬಿಗಿಯಾದೊಡನೆ ನಿಲ್ಲಿಸಬೇಕು. ಬೆವರನ್ನು ಒರಸಬೇಕು. ಅಯಸ್ಕಾಂತವಿರುವ ಧ್ವನಿಪೆಟ್ಟಿಗೆಯ ಬಳಿ ಇಡಕೂಡದು. ಒಳಗಿನ ಸುರುಳಿಗೆ ಆ ಗುಣವಂಟಿದರೆ ಕಾಲವು ತಪ್ಪುವುದು.

ಕ್ಷೇಮಕ್ಕೆ ಹಣ ತೆಗೆದಿಡಲಾರದವರು ಯೋಗಕ್ಕೆ ಕೈಹಾಕದಿರುವುದೇ ಲೇಸೆಂದು ನಾವು ಭಾವಿಸುವೆವು.