ಗುಳೆ ಹೋದವನ ಕೈಗೆ ಬೆಲೆ ಎಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜನ ಗುಳೆ ಹೊರಡುವುದು ಹೊಸ ಮಾತಲ್ಲ. ಬೆಂಗಳೂರಿನ ಕಟ್ಟಡ, ಮಲೆನಾಡಿನ ಕಾಫಿ ತೋಟ, ಹೊರರಾಜ್ಯದ ಕಬ್ಬಿನ ಗದ್ದೆ. ಕೂಲಿ ಸಿಕ್ಕಲ್ಲೇ ಬಿಡಾರ.

ಅಲ್ಲಿ ಕೈ ಮುರಿದರೆ? ಮೇಸ್ತ್ರಿ ಒಂದಿಷ್ಟು ದುಡ್ಡು ಕೊಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಬಸ್ಸು ಹತ್ತಿಸುತ್ತಾನೆ. ಊರಿಗೆ ಬಂದವನು ಹಣೆಬರಹವೆಂದು ಸುಮ್ಮನಾಗುತ್ತಾನೆ. ಬಂಧುಗಳೇ, ಇದು ಹಣೆಬರಹವಲ್ಲ. ಮಾಲೀಕನು ತೀರಿಸಬೇಕಾದ ಬಾಕಿ.

ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂಬ ಕಾನೂನು 1923ರಲ್ಲೇ ಆಯಿತು. ಕೂಲಿಯವನನ್ನು ಕರೆತಂದವನು ಗುತ್ತಿಗೆದಾರನಾದರೂ, ತನ್ನ ಉದ್ಯಮದ ಕೆಲಸ ಮಾಡಿಸಿಕೊಂಡ ಧಣಿ ಹೊಣೆಯಿಂದ ಜಾರುವಂತಿಲ್ಲ. ಹಕ್ಕು ಬಿಟ್ಟುಕೊಟ್ಟೆನೆಂಬ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 1995ರ ತಿದ್ದುಪಡಿಯಿಂದ, ಅಪಘಾತ ಎಲ್ಲೇ ಆಗಿರಲಿ, ಗಾಯಾಳು ತನ್ನ ವಾಸಸ್ಥಳದ ಅಧಿಕಾರಿಯ ಮುಂದೆಯೇ ಅರ್ಜಿ ಹಾಕಬಹುದು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಆ ಕಾನೂನಿನ ಜಾಗಕ್ಕೆ ಬಂದರೂ ಈ ಹಕ್ಕುಗಳು ಉಳಿದಿವೆ.

ಆದರೆ ಅದೇ ದಿನ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಕೊನೆಗೊಂಡಿತು. ಅದರಲ್ಲಿದ್ದ, ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಹೊಸ ಸಂಹಿತೆಯಲ್ಲಿಲ್ಲ. ಹೋದದ್ದಕ್ಕೆ ಹೋರಾಡೋಣ, ಉಳಿದದ್ದನ್ನಾದರೂ ಪಡೆಯುವುದು ಬೇಡವೇ?

ಪಡೆಯಲು ವಕೀಲರು ಬೇಕು. ಅಮೆರಿಕದಲ್ಲಿ ಗಾಯಾಳುಗಳ ದಾವೆ, ವಲಸೆಗಾರರ ದಾವೆಗಳನ್ನೇ ಜೀವಮಾನದ ಕಸುಬು ಮಾಡಿಕೊಂಡವರಿದ್ದಾರೆ. ಗಾಯದ ದಾವೆ ಗೆದ್ದರೆ ಪರಿಹಾರದಲ್ಲಿ ಅವರಿಗೆ ಪಾಲು. ನಮ್ಮ ವಕೀಲರ ಪರಿಷತ್ತಿನ ನಿಯಮ ಅಂಥ ಪಾಲಿನ ಕರಾರನ್ನು ನಿಷೇಧಿಸಿದೆ. ಸರಿಯೇ, ಮುರಿದ ಕೈಯಲ್ಲಿ ಪಾಲು ಕೇಳಬಾರದು. ಆದರೆ ಫೀ ಕೊಡಲಾರದವನ ಪಕ್ಕದಲ್ಲಿ ನಿಲ್ಲುವವರು ಯಾರು?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಉತ್ತರ ಕೊಟ್ಟಿದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು, ಕಡಿಮೆ ವರಮಾನದವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ಅದಕ್ಕೆಂದೇ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ತಾಂಡಾದ ಗಾಯಾಳುವಿಗೆ ಆ ಬಾಗಿಲು ತೋರಿಸುವವರಿಲ್ಲ.

ಸಣ್ಣ ವರ್ತಕರೇ, ಇದು ನಿಮಗೂ ಸಂಬಂಧಿಸಿದ್ದು. ಗುಳೆ ಹೋದವನ ಮನೆಗೆ ಜೋಳ, ಎಣ್ಣೆ ಉದ್ರಿ ಕೊಟ್ಟವರು ನೀವು. ಪರಿಹಾರ ಬರದಿದ್ದರೆ ಮುಳುಗುವುದು ನಿಮ್ಮ ಲೆಕ್ಕದ ಪುಸ್ತಕವೇ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಐದೂ ಊರುಗಳ ಸಂತೆಯ ದಿನ ಸಮಿತಿಯ ವಕೀಲರು ಸಂತೆಯಲ್ಲೇ ಕೂತು ಅರ್ಜಿ ಬರೆಯಲಿ. ತರುಣ ವಕೀಲರು ಜಮೀನು ವ್ಯಾಜ್ಯದಷ್ಟೇ ಮರ್ಯಾದೆಯ ಕಸುಬೆಂದು ಇದನ್ನು ಹಿಡಿಯಲಿ. ಕಾರ್ಮಿಕ ಸಂಘಗಳು ಗುಳೆ ಹೊರಡುವವರ ಹೆಸರು, ಮೇಸ್ತ್ರಿಯ ಹೆಸರು, ಕೆಲಸದ ಜಾಗ ಬರೆದಿಟ್ಟುಕೊಳ್ಳಲಿ. ಸಾಕ್ಷಿ ಅಲ್ಲಿಂದಲೇ ಆರಂಭ. ಅಲ್ಲಿಯವರೆಗೆ ಒಂದೇ ಮಾತು: ಓದಿ ಹೇಳುವವರಿಲ್ಲದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.