ಕೃತಕ ಉಸಿರಾಟದಲ್ಲಿರುವ ರೋಗಿಯ ಬಾಯಿಯ ಶುಚಿತ್ವ: ಕುರ್ಲಾದ ನೆಪದಲ್ಲೊಂದು ಅವಲೋಕನ

ಮುಂಬಯಿ: 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾ ಪಶ್ಚಿಮದ ಎಸ್. ಜಿ. ಬರ್ವೆ ಮಾರ್ಗದಲ್ಲಿ ಬೆಸ್ಟ್ ಬಸ್ಸೊಂದು ನಿಯಂತ್ರಣ ತಪ್ಪಿ ಜನಸಂದಣಿಯ ಮೇಲೆ ನುಗ್ಗಿದಾಗ, ಗಾಯಾಳುಗಳನ್ನು ಸಮೀಪದಲ್ಲಿಯೇ ಇರುವ ಮಹಾನಗರ ಪಾಲಿಕೆಯ ಭಾಭಾ ಆಸ್ಪತ್ರೆಗೆ ಸಾಗಿಸಲಾಯಿತು. ಇಂತಹ ರಾತ್ರಿಗಳಲ್ಲಿ ಮಹಾನಗರದ ಗಮನವೆಲ್ಲ ಐಸಿಯು ಹಾಸಿಗೆ, ವೆಂಟಿಲೇಟರ್, ರಕ್ತದ ಲೆಕ್ಕಾಚಾರದತ್ತಲೇ ಇರುತ್ತದೆ. ಜೀವ ಉಳಿದ ಬಳಿಕ, ಅಪಘಾತದ ಸುದ್ದಿ ಒಳಪುಟಕ್ಕೆ ಸರಿದ ದಿನಗಳಲ್ಲಿ, ಐಸಿಯುವಿನೊಳಗೆ ಎದುರಾಗುವ ಇನ್ನೊಂದು ಅಪಾಯದ ಕುರಿತು ಚರ್ಚೆಯಾಗುವುದು ತೀರ ವಿರಳ.

ಅದುವೇ ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ. ಶ್ವಾಸನಾಳಕ್ಕೆ ನಳಿಕೆ ತೂರಿಸಿ 48 ಗಂಟೆಗಳು ಕಳೆದ ಮೇಲೆ ಕಾಣಿಸಿಕೊಳ್ಳುವ ಶ್ವಾಸಕೋಶದ ಸೋಂಕಿದು. ನಳಿಕೆ ಇರುವಾಗ ಬಾಯಿ ಸದಾ ತೆರೆದಿರುತ್ತದೆ, ಜೊಲ್ಲು ಒಣಗುತ್ತದೆ, ನುಂಗುವ ಹಾಗೂ ಕೆಮ್ಮುವ ಶಕ್ತಿ ಕುಂದುತ್ತದೆ. ಹಲ್ಲಿನ ಮೇಲಿನ ಪಾಚಿಯಲ್ಲಿ ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಹಟಮಾರಿ ರೋಗಾಣುಗಳು ಮನೆಮಾಡುತ್ತವೆ. ನಳಿಕೆಯ ಸುತ್ತಲಿನ ಗಾಳಿಚೀಲದ ಮೇಲೆ ನಿಂತ ದ್ರವ ಸಂದಿಯಲ್ಲಿ ಜಿನುಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂತಹ ರೋಗಾಣುಗಳು ದುಬಾರಿ ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗದಿರುವುದರಿಂದ, ಬಾರದಂತೆ ತಡೆಯುವುದೇ ನಿಜವಾದ ಚಿಕಿತ್ಸೆ.

ಈ ತಡೆಗೆ ಬಹುಕಾಲ ಕ್ಲೋರ್‌ಹೆಕ್ಸಿಡೀನ್ ಎಂಬ ಔಷಧಿದ್ರವವನ್ನು ನಂಬಲಾಗಿತ್ತು. 2014ರ ವಿಶ್ಲೇಷಣೆಗಳು ಆ ನಂಬಿಕೆಯನ್ನು ಅಲುಗಿಸಿದವು. ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾಗದ ರೋಗಿಗಳಲ್ಲಿ ಅದರಿಂದ ಸಾವಿನ ಸಂಭವ ಹೆಚ್ಚಬಹುದೆಂಬ ಶಂಕೆ ಮೂಡಿತು. 2022ರಲ್ಲಿ ಪರಿಷ್ಕೃತಗೊಂಡ ಅಮೆರಿಕದ ಸೋಂಕುತಡೆ ಮಾರ್ಗಸೂಚಿ ಆ ದ್ರವವನ್ನು ಬದಿಗಿರಿಸಿ, ಬ್ರಷ್‌ನಿಂದ ಹಲ್ಲುಜ್ಜುವುದನ್ನೇ ಅಗತ್ಯ ಕ್ರಮಗಳ ಪಟ್ಟಿಗೆ ಸೇರಿಸಿತು. 2023ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಡಾ. ಮೈಕೆಲ್ ಕ್ಲೊಂಪಾಸ್ ಮತ್ತು ಅವರ ಸಹೋದ್ಯೋಗಿ 15 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಹಲ್ಲುಜ್ಜಿಸಿಕೊಂಡ ರೋಗಿಗಳಲ್ಲಿ ಆಸ್ಪತ್ರೆಯ ನ್ಯುಮೋನಿಯಾ ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು. ಐಸಿಯು ಸಾವುಗಳೂ ಇಳಿದಿದ್ದವು. ದಿನಕ್ಕೆ 2 ಬಾರಿ ಉಜ್ಜಿದರೆ ಸಾಕು, 3ನೆಯ ಬಾರಿಯಿಂದ ವಿಶೇಷ ಲಾಭವಿಲ್ಲ ಎಂಬುದೂ ಕಂಡುಬಂತು.

ಬೇವಿನ ಕಡ್ಡಿ, ಮಾವಿನೆಲೆಗಳ ಕಾಲದಿಂದಲೂ ಬಾಯಿ ತೊಳೆಯದೆ ಚಹಾ ಮುಟ್ಟದ ನಮ್ಮ ಹಿರಿಯರು ಐಸಿಯುವಿನಲ್ಲಿ ದಿನಗಟ್ಟಲೆ ಹಾಗೆಯೇ ಮಲಗಿರಬೇಕಾಗುವುದು ಸಂಕಟದ ಮಾತು. ದೋಷವನ್ನು ದಾದಿಯರ ಮೇಲೆ ಹೊರಿಸುವುದು ಸುಲಭ, ಆದರೆ ನ್ಯಾಯವಲ್ಲ. ಒಬ್ಬ ದಾದಿ ಹಲವು ಹಾಸಿಗೆಗಳನ್ನು ನೋಡಿಕೊಳ್ಳಬೇಕಾದಾಗ, ಬಿಲ್ಲಿನಲ್ಲಿ ಕಾಣಿಸದ ಕೆಲಸವೇ ಮೊದಲು ಹಿಂದೆ ಬೀಳುತ್ತದೆ. ಪಾಲಿಕೆಯ ಆಸ್ಪತ್ರೆಗಳಲ್ಲಿ ಯಂತ್ರಗಳ ಸಂಖ್ಯೆ ಹೆಚ್ಚಿಸುವ ಘೋಷಣೆಗಳ ಜೊತೆಗೆ ದಾದಿಯರ ಸಂಖ್ಯೆಯನ್ನೂ ಕೇಳಬೇಕಾದವರು ನಾವೇ.

ಸಂಬಂಧಿಕರು ತಾವೇ ಬ್ರಷ್ ಹಿಡಿಯಬಾರದು. ನಳಿಕೆ ಸರಿದರೆ ಪ್ರಾಣಾಪಾಯ. ಮೆದು ಎಳೆಯ ಚಿಕ್ಕ ಬ್ರಷ್ ಒಪ್ಪಿಸಿ, ಕೃತಕ ದಂತಪಂಕ್ತಿ ಅಥವಾ ಸಡಿಲ ಹಲ್ಲಿದ್ದರೆ ಮೊದಲ ದಿನವೇ ತಿಳಿಸಬಹುದು. ಭೇಟಿಯ ಹೊತ್ತಿನಲ್ಲಿ, ಇಂದು ಹಲ್ಲುಜ್ಜಿ ದ್ರವ ಹೀರಿ ತೆಗೆದಿದ್ದಾರೆಯೇ, ತಲೆಯ ಭಾಗವನ್ನು ಎತ್ತರಿಸಿದ್ದಾರೆಯೇ, ನಳಿಕೆ ಎಂದು ತೆಗೆಯಬಹುದು ಎಂದು ವಿನಯದಿಂದ ಕೇಳಬಹುದು. ಮುಂದಿನ ಬಾರಿ ಕುರ್ಲಾದ ಬಂಟರ ಭವನದಲ್ಲಾಗಲಿ, ಬೇರೆ ಸಭಾಗೃಹದಲ್ಲಾಗಲಿ ಆರೋಗ್ಯ ಶಿಬಿರ ಏರ್ಪಡಿಸುವ ನಮ್ಮ ಸಂಘಸಂಸ್ಥೆಗಳು, ರಕ್ತದೊತ್ತಡ ಅಳೆಯುವ ಮೇಜಿನ ಪಕ್ಕದಲ್ಲಿ ಈ ವಿಷಯ ತಿಳಿಸಲು ಒಬ್ಬ ಐಸಿಯು ದಾದಿಯನ್ನೂ ಆಹ್ವಾನಿಸಲಿ.